ಹಾಲಿನ ಕ್ಯಾನಿನಲ್ಲಿ ಬಂದ ಲೈಬ್ರರಿ

ನನ್ನ ಮೊಮ್ಮಗಳು ಲೈಬ್ರರಿ ಓದಿನಲ್ಲಿ ಎಂ.ಎ. ಥರದ್ದೊಂದು ದೊಡ್ಡ ಡಿಗ್ರಿ ಮುಗಿಸಿದ ದಿನ, ಪ್ರಪಂಚದಲ್ಲಿ ಇನ್ನು ಓದುವುದಕ್ಕೆ ಏನೂ ಉಳಿದಿಲ್ಲ ಎಂಬ ಖುಷಿಗೆ ನಾನು ಹಸುಗಳಿಗೂ ಬೆಲ್ಲ ತಿನ್ನಿಸಿದೆ. ಅವು ಬೆಲ್ಲ ಮೆಲುಕು ಹಾಕಿ ಮುಗಿಸುವ ಮೊದಲೇ ಇವಳು ಬಾಂಬು ಹಾಕಿದಳು. ಇನ್ನೂ ಒಂದು ವರ್ಷದ ಓದಿದೆಯಂತೆ! ಡಿಗ್ರಿಯ ತಲೆಯ ಮೇಲೆ ಇನ್ನೊಂದು ಡಿಪ್ಲೊಮಾ. ಹಳೆಯ ಪುಸ್ತಕಗಳನ್ನು ಗೆದ್ದಲು, ತೇವ, ಇಲಿಗಳಿಂದ ಕಾಪಾಡಿ, ಕೇಳಿದವರಿಗೆ ಕೇಳಿದ ಕೂಡಲೇ ಸಿಗುವ ಹಾಗೆ ಇಡುವ ವಿದ್ಯೆ.

"ಅದ್ಕೆ ಒಂದ್ ವರ್ಷ ಯಾಕಮ್ಮಿ? ಒಂದ್ ಬೆಕ್ಕು ಸಾಕಿದ್ರೆ ಸಾಲ್ದಾ?" ಅಂದೆ.

"ಬೆಕ್ಕು ಇಲಿ ತಿಂತದೆ ತಾತಾ, ಗೆದ್ದಲು ತಿನ್ನಲ್ಲ," ಅಂದಳು.

ನಾನು ಓದಿದ್ದು ನಾಲ್ಕನೇ ಕ್ಲಾಸು. ನಾನು ಸ್ಕೂಲನ್ನು ಬಿಟ್ಟೆನೋ, ಸ್ಕೂಲು ನನ್ನನ್ನು ಬಿಟ್ಟಿತೋ, ಇಬ್ಬರಿಗೂ ಬೇಜಾರಾಗಲಿಲ್ಲ. ಆದರೆ ಇವಳ ವಿಷಯದಲ್ಲಿ ಯಾರಾದರೂ ನಕ್ಕರೆ ನನಗೆ ಆಗುತ್ತಿರಲಿಲ್ಲ. ಡೈರಿಯ ಮುಂದೆ ಒಬ್ಬ ಕೇಳಿಯೇಬಿಟ್ಟ: "ಪುಸ್ತಕ ಜೋಡ್ಸಕ್ಕೆ ಇಷ್ಟು ಓದ್ಬೇಕಾ ಅಣ್ಣಾ? ನಮ್ಮನೇವ್ಳು ಓದ್ದೇನೇ ಪಾತ್ರೆ ಜೋಡಿಸ್ತಾಳೆ."

"ಅದ್ಕೇ ಕಣ್ಲಾ, ನಿಮ್ಮನೇಲಿ ಒಂದ್ ಲೋಟ ನೀರು ಕೇಳಿದ್ರೆ ಲೋಟ ಉಡುಕೋ ಒತ್ಗೆ ಬಾಯಾರಿಕೆನೇ ಓಗಿರ್ತದೆ," ಅಂದೆ.

ಮೊಮ್ಮಗಳು ಬಂಗಾರಪೇಟೆಯಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಬರುತ್ತಾ ವರ್ಷದ ಕೊನೆಗೆ ಬಂದಳು. ಆಗ ಒಂದು ಷರತ್ತು ಎದುರಾಯಿತು. ಎಲ್ಲಾದರೂ ಒಂದು ಹಾಳು ಬಿದ್ದ ಲೈಬ್ರರಿಯನ್ನು ಹುಡುಕಿ, ಅದನ್ನು ಎಬ್ಬಿಸಿ ನಿಲ್ಲಿಸಬೇಕು. ಕಾಲೇಜಿನ ಮೇಡಂ ಬಂದು ನೋಡುತ್ತಾರೆ. ಅವರಿಗೆ ಸರಿ ಕಾಣದಿದ್ದರೆ ಡಿಪ್ಲೊಮಾ ಇಲ್ಲ.

ಇವಳು ಚಾಂಪಿಯನ್ ರೀಫ್ಸಿನ ಹಳೆಯ ವಾಚನಾಲಯವನ್ನು ಹಿಡಿದಳು. ಚಿನ್ನದ ಗಣಿ ನಡೆಯುವಾಗ ಕಾರ್ಮಿಕರು ಓದುತ್ತಿದ್ದ ಜಾಗ. ಬೀಗ ತೆಗೆಸಿ ನೋಡಿದರೆ ಬೀರುಗಳು ಅರ್ಧಕ್ಕರ್ಧ ಖಾಲಿ. ಗಣಿ ಮುಚ್ಚಿದಾಗ ಕೈಯಲ್ಲಿದ್ದ ಪುಸ್ತಕಗಳು ಅವರವರ ಮನೆಯಲ್ಲೇ ಉಳಿದವು. ವಾಪಸ್ಸು ಕೇಳುವವರೇ ಇರಲಿಲ್ಲ. ಮೊಮ್ಮಗಳು ಮನೆಗೆ ಬಂದು ಜಗಲಿಯ ಮೇಲೆ ಕೂತು ಅತ್ತಳು. "ಏನನ್ನ ಕಾಪಾಡ್ಲಿ ತಾತಾ? ಖಾಲಿ ಬೀರೂನಾ?"

ನನಗೆ ನಗು ತಡೆಯಲಾಗಲಿಲ್ಲ. ಆ ಪುಸ್ತಕಗಳನ್ನು ನಾನು ದಿನಾ ಬೆಳಗ್ಗೆ ನೋಡುತ್ತಿದ್ದೆ! ಮೊಪೆಡ್ಡಿಗೆ ಕ್ಯಾನು ಕಟ್ಟಿಕೊಂಡು ಆಂಡರ್ಸನ್‌ಪೇಟೆಯಿಂದ ಚಾಂಪಿಯನ್ ರೀಫ್ಸಿನವರೆಗೆ ಹಾಲು ಹಾಕುವವನು ನಾನು. ಹಾಲಿನವನಿಗೆ ಎಲ್ಲರ ಅಡುಗೆಮನೆಯೂ ಕಾಣುತ್ತದೆ. ಒಂದು ಮನೆಯಲ್ಲಿ ಪುಸ್ತಕ ಸಾರಿನ ಪಾತ್ರೆಗೆ ಮುಚ್ಚಳ, ಇನ್ನೊಂದರಲ್ಲಿ ಮಂಚದ ಕಾಲಿಗೆ ಒತ್ತು, ಮತ್ತೊಂದರಲ್ಲಿ ಮಗುವಿಗೆ ಪೀಠ.

"ನಿನ್ ಬುಕ್ಕಿಗೆ ಗುರುತು ಏನಮ್ಮಿ?"

"ಮೊದಲ್ನೇ ಹಾಳೇಲಿ ಗುಂಡನೆ ಸೀಲು. ನೇರಳೆ ಬಣ್ಣ."

ಅಷ್ಟು ಸಾಕಾಯಿತು. ಮರುದಿನ ಒಂದು ಮನೆಯ ಹೆಂಗಸು ಪಾತ್ರೆ ಹಿಡಿದು ಬಂದಾಗ ನಾನು ಕ್ಯಾನಿನ ಮುಚ್ಚಳ ತೆಗೆಯಲೇ ಇಲ್ಲ. "ಮೊದ್ಲು ಬುಕ್ಕು, ಆಮ್ಯಾಕೆ ಆಲು."

"ಅಯ್ಯೋ ತಾತಾ, ಅದು ತೆಗೆದ್ರೆ ಮಂಚ ಆಡ್ತದೆ!"

"ಆಡಿದ್ರೆ ನಿನ್ ಗಂಡನ್ನ ಕೆಳಗೆ ಮಲಗ್ಸವ್ವಾ."

"ಅವ್ರು ಈಗ್ಲೂ ಕೆಳಗೇ ಮಲಗೋದು. ಮಂಚ ನಂದು!"

ಕಾಫಿ ಇಲ್ಲದೆ ಯಾರ ಬೆಳಗೂ ಆಗುವುದಿಲ್ಲ. ಪುಸ್ತಕಗಳು ಒಂದೊಂದಾಗಿ ಹೊರಬಂದವು. ನಾನು ಖಾಲಿಯಾದ ಕ್ಯಾನಿನೊಳಗೆ ಜೋಡಿಸಿಕೊಂಡು ಬಂದೆ. ಮೊಮ್ಮಗಳು ಕುಣಿದಾಡುತ್ತಾಳೆ ಅಂದುಕೊಂಡರೆ ತಲೆ ಮೇಲೆ ಕೈ ಹೊತ್ತಳು. "ಒಳಗೆ ತೇವ ಇರ್ತದಲ್ಲ ತಾತಾ! ಗೆದ್ದಲಿಗಿಂತ ನೀನೇ ಜಾಸ್ತಿ ಕಣೋ!" ಆಮೇಲಿನಿಂದ ಗೋಣಿಚೀಲ.

ನನಗೆ ತಮಿಳು ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಇಂಗ್ಲಿಷಿನಲ್ಲಿ ಎರಡೂ ಇಲ್ಲ. ಗುಂಡನೆಯ ನೇರಳೆ ಸೀಲು ಕಂಡದ್ದೆಲ್ಲ ಚೀಲಕ್ಕೆ. ಭಾನುವಾರ ನಮ್ಮ ಅಂಗಳಕ್ಕೆ ಒಂದು ಆಟೋ ಬಂದು ನಿಂತಿತು. ಇಳಿದವರು ಬಿಳಿ ಶರ್ಟಿನ ಯಜಮಾನರು, ಚರ್ಚಿನಲ್ಲಿ ಹಾಡುವವರು. "ಪೆರಿಯವರೇ, ನಮ್ ಪಾಟ್ಟು ಬುಕ್ ಎಲ್ಲಿ? ಅಲ್ಲಿ ಎಲ್ಲಾರೂ ಬಾಯ್ ಮುಚ್ಕೊಂಡು ನಿಂತಿದಾರೆ!" ನೋಡಿದರೆ ಆ ಹಾಡಿನ ಪುಸ್ತಕದ ಮೇಲಿದ್ದದ್ದು ಚರ್ಚಿನ ಸೀಲು.

"ಒಂದ್ ವಾರ ದೇವ್ರಿಗೂ ರೆಸ್ಟ್ ಸಿಗ್ಲಿ ಬಿಡಿ," ಅಂದೆ.

ಮೊಮ್ಮಗಳು ನನ್ನನ್ನು ಕಣ್ಣಲ್ಲೇ ಸುಟ್ಟು, ಒಳಗಿಂದ ಆ ಪುಸ್ತಕ ತಂದುಕೊಟ್ಟಳು. ಬಿಚ್ಚಿಹೋಗಿದ್ದ ಬೆನ್ನನ್ನು ಅಷ್ಟರಲ್ಲಾಗಲೇ ಹೊಲಿದು ಅಂಟಿಸಿದ್ದಳು. ಅವರು ತಿರುಗಿಸಿ ಮುರುಗಿಸಿ ನೋಡಿದರು, ಕಂಕುಳಲ್ಲಿ ಇಟ್ಟುಕೊಂಡು ಆಟೋ ಹತ್ತಿದರು. ಸಂಜೆಗೆ ಅದೇ ಆಟೋದಲ್ಲಿ ವಾಚನಾಲಯದ ಪುಸ್ತಕಗಳ ಒಂದು ಕಟ್ಟು ತಂದು ಇಳಿಸಿದರು. ಅವರ ಬೀದಿಯವರದ್ದೆಲ್ಲ ಅವರೇ ಕೇಳಿ ತಂದಿದ್ದರು.

ಮೇಡಂ ಬಂದ ದಿನ ವಾಚನಾಲಯದ ತುಂಬ ಜನ. ಮೇಡಂಗೆ ಆನಂದ. ಅವರಿಗೇನು ಗೊತ್ತು, ಅರ್ಧ ಜನ ಮುಚ್ಚಳ ಹುಡುಕಿಕೊಂಡು ಬಂದವರು! ಮೇಡಂ ಒಬ್ಬ ಹೆಂಗಸನ್ನು ಕೇಳಿದರು: "ನಿಮಗೆ ಯಾವ ಪುಸ್ತಕ ಬೇಕಮ್ಮ?"

"ಆ ದಪ್ಪಂದು ಮೇಡಂ. ಸಾರಿನ ಪಾತ್ರೆಗೆ ಸರ್ಯಾಗಿ ಕೂರ್ತಿತ್ತು."

ಮೊಮ್ಮಗಳ ಮುಖ ಸುಣ್ಣವಾಯಿತು. ಮೇಡಂ ಪುಸ್ತಕ ತೆಗೆದು ನೋಡಿದರು. ರಟ್ಟಿನ ಮೇಲೆ ಸಾರಿನ ದುಂಡನೆಯ ಕಲೆ. "ಒಳಗೆ ಓದಿದ್ದೀರಾ?"

"ಬಾಣಂತನದಲ್ಲಿ ಓದ್ತಿದ್ದೆ. ಅದ್ರಲ್ಲಿ ಬರೋ ಗಂಡ ಸರಿಯಿಲ್ಲ ಮೇಡಂ. ಕಡೇಲಿ ಏನಾದ್ನೋ, ಅಷ್ಟೊತ್ಗೆ ಮಗು ಎದ್ಬಿಡ್ತು."

ಮೇಡಂ ನಗಲಿಲ್ಲ. ಪುಸ್ತಕವನ್ನು ಮೊಮ್ಮಗಳ ಮುಂದಿಟ್ಟರು. ಕೊಡುತ್ತಾಳೋ ಬಿಡುತ್ತಾಳೋ ಎಂದು ನೋಡುತ್ತಿದ್ದರು. ಇಷ್ಟು ಕಷ್ಟಪಟ್ಟು ತಂದದ್ದನ್ನು ಮತ್ತೆ ಸಾರಿನ ಪಾತ್ರೆಗೆ ಕಳಿಸುವುದೇ? ನಾನಾಗಿದ್ದರೆ ಅಪ್ಪಿಕೊಂಡು ಕೂರುತ್ತಿದ್ದೆ. ಇವಳು ಒಂದು ಉಸಿರು ಎಳೆದುಕೊಂಡಳು. ಹೆಸರು ಬರೆದುಕೊಂಡು, ವಾಪಸ್ಸು ತರಬೇಕಾದ ತಾರೀಖು ಹಾಕಿ, ಆಕೆಯ ಕೈಗೆ ಕೊಟ್ಟಳು. "ಆ ಗಂಡ ಏನಾದ ಅಂತ ಬಂದು ನಂಗೂ ಹೇಳಿ ಅಕ್ಕಾ."

ಆಗ ಮೇಡಂ ನಕ್ಕರು. "ಕಾಪಾಡೋದು ಬೀಗ ಹಾಕೋಕಲ್ಲ ಅಂತ ನಿನಗೆ ಗೊತ್ತಿದೆ. ಪಾಸು," ಅಂದರು.

ನಾನು ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹಾಕಿದೆ. ಬೀರುವಿನ ಗಾಜು ಅದುರಿತು. "ತಾತಾ! ಇದು ಲೈಬ್ರರಿ!" ಎಂದು ಮೊಮ್ಮಗಳು ಎಲ್ಲರೆದುರು ಗದರಿಸಿ ನನ್ನನ್ನು ಹೊರಗೆ ಹಾಕಿದಳು. ಪಾಸಾದ ಮೇಲೆ ಅವಳು ಮಾಡಿದ ಮೊದಲ ಕೆಲಸ ಅದು. ನಾನು ಹೊರಗೆ ನಿಂತು ಮೊಪೆಡ್ಡಿನ ಹಾರನ್ ಒತ್ತಿದ್ದೇ ಒತ್ತಿದ್ದು.