ಕೋಣದ ಛಾಪಿನ ಪ್ಲೇಟಿನ ಇನ್ನೊಂದು ಬದಿ

ಹೊನ್ನಯ್ಯನಿಗೆ ಹುಚ್ಚು ಹಿಡಿದಿದೆ ಎಂಬುದರಲ್ಲಿ ಶಿವಮೊಗ್ಗದ ಕೋಟೆ ಬೀದಿಯಲ್ಲಿ ಎರಡು ಮಾತಿರಲಿಲ್ಲ. ಯಾವ ಹುಚ್ಚು ಎಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯವಿತ್ತು. ಅಣ್ಣತಮ್ಮಂದಿರೆಲ್ಲ ಹಳ್ಳಿಯಲ್ಲಿ ಗದ್ದೆ ಮಾಡಿಕೊಂಡು ಮರ್ಯಾದೆಯಾಗಿದ್ದರು. ಇವನೊಬ್ಬ ಪೇಟೆಗೆ ಬಂದು ಲಾಟೀನು ಗಾಜು, ಕೊಡೆ, ಗ್ರಾಮಫೋನು ಮತ್ತು ಅದರ ಮುಳ್ಳುಗಳನ್ನು ಮಾರುವ ಅಂಗಡಿ ಇಟ್ಟಿದ್ದ. ಅಲ್ಲಿಯವರೆಗೆ ಊರು ಸಹಿಸಿತು. ಕೊಡೆ ಮಾರುವವನಿಗೆ ಶಿವಮೊಗ್ಗದಲ್ಲಿ ಯಾವತ್ತೂ ಒಂದು ಗೌರವವಿದೆ.

ಕೆಟ್ಟದ್ದು ಭದ್ರಾವತಿಯಲ್ಲಿ. ಸಾವಿರದ ಒಂಬೈನೂರ ಮೂವತ್ತಮೂರೋ ಮೂವತ್ತನಾಲ್ಕೋ ಇರಬೇಕು, ಅಲ್ಲಿನ ದೊರೆಗಳ ಕ್ಲಬ್ಬಿನ ಗ್ರಾಮಫೋನಿನ ಸ್ಪ್ರಿಂಗು ಮುರಿದು, ರಿಪೇರಿಗೆ ಹೊನ್ನಯ್ಯನನ್ನು ಕರೆಸಿದರು. ರೈಲಿನಲ್ಲಿ ಹೋದ, ಸ್ಪ್ರಿಂಗು ಹಾಕಿದ, ಸರಿಹೋಯಿತೇ ನೋಡೋಣವೆಂದು ಅಲ್ಲೇ ಬಿದ್ದಿದ್ದ ಒಂದು ಪ್ಲೇಟನ್ನು ಹಾಕಿದ. ಅಷ್ಟೇ. ಒಂದು ಕ್ಲಾರಿನೆಟ್ಟು ಮೆಟ್ಟಿಲಿಳಿಯುತ್ತ ಇಳಿಯುತ್ತ ಮಧ್ಯದಲ್ಲಿ ಕಾಲು ಜಾರಿ, ಬೀಳುವುದನ್ನೇ ಒಂದು ಆಟ ಮಾಡಿಕೊಂಡು ಕೆಳಗೆ ಬಂದು ನಿಂತಿತು. ಹೊನ್ನಯ್ಯ ನೆಲದ ಮೇಲೆ ಕೂತುಬಿಟ್ಟ. ಮುಗಿದ ಮೇಲೆ ಮತ್ತೆ ಹಾಕಿದ. ಆಮೇಲೆ ಮತ್ತೆ. ಬಟ್ಲರು ಬಂದು, "ರಿಪೇರಿ ಇನ್ನೂ ಆಗ್ಲಿಲ್ವಾ?" ಎಂದು ಕೇಳಿದ.

"ಇನ್ನೊಂದ್ಸಲ ನೋಡ್ಬೇಕು," ಅಂದ ಹೊನ್ನಯ್ಯ.

ಇದರ ಹೆಸರು ಜಾಝ್ ಎಂದು ಬಟ್ಲರೇ ಹೇಳಿಕೊಟ್ಟ. ಹೊರಗೆ ಬಂದರೆ ಕಿಟಕಿಯ ಕೆಳಗೆ ಒಬ್ಬ ಕೂತಿದ್ದ. ಹೆಸರು ಭೂತಪ್ಪ. ಹಗಲು ಅಲ್ಲಿನ ಕಬ್ಬಿಣದ ಕಾರ್ಖಾನೆಯಲ್ಲಿ ಅಚ್ಚಿಗೆ ಮರಳು ತುಂಬುವ ಕೆಲಸ, ಸಂಜೆ ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ಟು. ಪ್ರತಿ ಶನಿವಾರ ಆ ಕಿಟಕಿಯ ಕೆಳಗೆ ಕೂತು ಕೂತು ಅವನಿಗೆ ಆ ಪ್ಲೇಟು ಬಾಯಿಪಾಠವಾಗಿತ್ತು.

"ಸ್ವಾಮಿ, ಆ ಜಾರು ಇದೆಯಲ್ಲ, ಅದು ನನಗೂ ಬರ್ತದೆ. ಊದ್ಲಾ?" ಅಂದ.

ಭದ್ರಾ ಹೊಳೆಯ ದಂಡೆಗೆ ಹೋಗಿ ಊದಿದ. ಪ್ಲೇಟಿನಲ್ಲಿದ್ದವನು ಬಿದ್ದಿದ್ದು ಮೆಟ್ಟಿಲ ಮೇಲೆ. ಭೂತಪ್ಪ ಗದ್ದೆಯ ಬದುವಿನ ಮೇಲಿಂದ ಜಾರಿದ, ಕೆಸರು ಕೊಡವಿಕೊಂಡು ಎದ್ದ, ಎದ್ದು ನಕ್ಕ. ಹೊನ್ನಯ್ಯ ಅವತ್ತು ಸಂಜೆ ರೈಲಿನಲ್ಲಿ ವಾಪಸು ಬರುವಾಗ ಕಂಪನಿಯ ಒಡೆಯನಾಗಿಯೇ ಬಂದ.

ತುಂಗಾ ಜಾಝ್ ರೆಕಾರ್ಡು ಕಂಪನಿ. ಬೋರ್ಡು ಬರೆಸುವುದಕ್ಕೆ ಮೊದಲು ಛಾಪು ಬೇಕಲ್ಲ. ದೊಡ್ಡ ಕಂಪನಿಯವರ ಪ್ಲೇಟಿನ ಮೇಲೆ ನಾಯಿ ಕೂತಿದೆ, ನಮ್ಮದರ ಮೇಲೂ ಏನಾದರೂ ಪ್ರಾಣಿ ಕೂತು ಕೇಳಬೇಕು ಎಂದು ಹೊನ್ನಯ್ಯ ಪೇಂಟರಿಗೆ ಹೇಳಿದ. ಆ ಪೇಂಟರು ದನದ ಹಿಂಡಿ ಮಾರುವ ಅಂಗಡಿಗಳ ಬೋರ್ಡು ಬರೆದೇ ಮುದುಕನಾದವನು. ಅವನ ಕೈಗೆ ಬರುತ್ತಿದ್ದುದು ಎತ್ತು ಮತ್ತು ಕೋಣ. ಎತ್ತಿನ ಛಾಪು ಹಿಂಡಿಯವನದಾಗಿತ್ತು. ಹೀಗಾಗಿ ಗ್ರಾಮಫೋನಿನ ತುತ್ತೂರಿಯ ಮುಂದೆ ಕೊಂಬು ತಗ್ಗಿಸಿ ನಿಂತ ಒಂದು ಕೋಣ ಕಂಪನಿಯ ಮುದ್ರೆಯಾಯಿತು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎಂಬ ಗಾದೆ ಹಾಲು ಕುಡಿಯುವ ಕೂಸಿಗೂ ಗೊತ್ತಿದ್ದ ಊರಿನಲ್ಲಿ ಇದು ಹೊನ್ನಯ್ಯನೊಬ್ಬನಿಗೆ ಹೊಳೆಯಲಿಲ್ಲ. ಹೊಳೆದ ಮೇಲೂ ಬದಲಾಯಿಸಲಿಲ್ಲ. "ನೋಡ್ರೋ, ಅದು ಕೇಳ್ತಾ ಇದೆ. ನಿಮಗಿಂತ ವಾಸಿ," ಅಂತಿದ್ದ.

ಭೂತಪ್ಪ ಇಲ್ಲದ ಸೋದರತ್ತೆಯೊಬ್ಬಳನ್ನು ಸಾಯಿಸಿ ರಜಾ ತೆಗೆದುಕೊಂಡ. ಅವನೂ ಹೊನ್ನಯ್ಯನೂ ಬ್ಯಾಂಡಿನ ಇಬ್ಬರನ್ನು ಕರೆದುಕೊಂಡು, ಪ್ಲೇಟು ಮಾಡಿಸಲು ಮದರಾಸಿನ ಸ್ಟುಡಿಯೋಕ್ಕೆ ಹೋಗಿ ಊದಿ ಬಂದರು. ಪ್ಲೇಟಿನ ಒಂದು ಬದಿಗೆ ಹಿಡಿಸುವುದು ಮೂರು ನಿಮಿಷ. ಅಲ್ಲಿನ ಎಂಜಿನಿಯರು ಕೈ ಎತ್ತಿದ ಕೂಡಲೇ, ಜಾರುತ್ತಿದ್ದವನು ಎಲ್ಲಿದ್ದರೆ ಅಲ್ಲೇ ನಿಲ್ಲಬೇಕು. ಹಾಗೇ ನಿಂತರು.

ಮೊದಲ ಬಿಡುಗಡೆಗೆ ಹೊನ್ನಯ್ಯ ಹ್ಯಾಂಡ್‌ಬಿಲ್ಲು ಹೊಡೆಸಿ ಹಂಚಿದ. 'ಇಂಗ್ಲೆಂಡು ಅಮೆರಿಕಾಗಳಲ್ಲಿ ಲಕ್ಷಾಂತರ ಜನರು ಕೇಳಿ ಹುಚ್ಚರಾದ ಸಂಗೀತವು ಈಗ ನಿಮ್ಮ ಮನೆಬಾಗಿಲಿಗೆ' ಎಂದಿತ್ತು. ಕೋಟೆ ಬೀದಿಯ ಕಾಫಿ ಹೋಟೆಲಿನ ಸುಬ್ಬಪ್ಪ ಅದನ್ನು ಓದಿ, "ಹುಚ್ಚರಾಗೋಕೆ ಅಮೆರಿಕಾ ಸಹಾಯ ಯಾಕೆ ಮಾರಾಯ, ನಮ್ಮಲ್ಲೇ ಬೇಕಾದಷ್ಟು ಅನುಕೂಲ ಇದೆ," ಅಂದ. ಆದರೂ ಸ್ನೇಹಕ್ಕೆ ಕಟ್ಟುಬಿದ್ದು, ಗಿರಾಕಿಗಳು ತುಂಬಿದ್ದ ಬೆಳಗ್ಗೆ ಹೋಟೆಲಿನ ಗ್ರಾಮಫೋನಿಗೆ ಆ ಪ್ಲೇಟು ಹಾಕಿದ. ಅರ್ಧಕ್ಕೆ ಬರುವಷ್ಟರಲ್ಲಿ ಮುಳ್ಳು ಎತ್ತಿಬಿಟ್ಟ.

"ಯಾಕೆ ಸುಬ್ಬಪ್ಪ?"

"ಇಡ್ಲಿ ಗಂಟಲಲ್ಲಿ ಸಿಕ್ಕಿಕೊಳ್ತಿದೆ ಜನಕ್ಕೆ. ನುಂಗೋದೋ, ಕುಣಿಯೋದೋ, ತಿಳೀದೆ ಒದ್ದಾಡ್ತಿದಾರೆ."

ಹೊನ್ನಯ್ಯನಿಗೆ ದೇವರಲ್ಲಿ ಬೇಡುವುದಕ್ಕೆ ಬೇರೇನೂ ಇರಲಿಲ್ಲ. ಶಿವಮೊಗ್ಗದಲ್ಲಿ ಯಾರಾದರೂ ಒಬ್ಬರು, ಯಾರಾದರೂ ಸರಿ, ಒಂದು ಬದಿಯನ್ನು ಮೊದಲಿನಿಂದ ಕೊನೆಯವರೆಗೆ ಕೂತು ಕೇಳಬೇಕು. ಒಂದೇ ಸಲ. ಕೇಳಿ ಚೆನ್ನಾಗಿಲ್ಲ ಅಂದರೂ ಬೇಜಾರಿಲ್ಲ. ಆದರೆ ಎಲ್ಲರ ಕೈಯೂ ಮುಳ್ಳಿನ ಮೇಲೆಯೇ ಇರುತ್ತಿತ್ತು. ಮನೆಯಲ್ಲಿ ಹೆಂಡತಿ ನಂಜಮ್ಮ ಒಲೆಯ ಮುಂದಿನಿಂದ ಎದ್ದು ಬಂದು ತಾನೇ ಎತ್ತುತ್ತಿದ್ದಳು. "ನಿಮ್ಮ ಪ್ಲೇಟಿನ ಗಲಾಟೇಲಿ ಅಕ್ಕಿ ಕುದಿಯೋ ಶಬ್ದ ಕೇಳಿಸಲ್ಲ ಕಣ್ರೀ. ಅನ್ನ ಮುದ್ದೆಯಾದ್ರೆ ಆಮೇಲೆ ನನಗೇ ಅನ್ತೀರ," ಅನ್ನುವಳು. ಕೆಟ್ಟವಳಲ್ಲ ನಂಜಮ್ಮ. ಕೈಯಲ್ಲಿ ಯಾವಾಗಲೂ ಕೆಲಸವಿದ್ದ ಹೆಂಗಸು, ಅಷ್ಟೇ. ಕೆಲಸವಿದ್ದವರಿಗೆ ಮೂರು ನಿಮಿಷ ಅಂದರೆ ದೊಡ್ಡ ಮಾತು.

ಎರಡನೆಯ ಬಿಡುಗಡೆಯ ಹೊತ್ತಿಗೆ ಹೊನ್ನಯ್ಯ ಉಪಾಯ ಮಾಡಿದ. ಮದುವೆ, ನಾಮಕರಣ ನಡೆಯುವ ಮನೆಗಳಿಗೆ ತಾನೇ ಗ್ರಾಮಫೋನು ಹೊತ್ತುಕೊಂಡು ಹೋಗಿ ಪುಕ್ಕಟೆ ಹಾಕತೊಡಗಿದ. ಪುಕ್ಕಟೆ ಅಂದರೆ ನಮ್ಮವರು ಭೇದಿ ಔಷಧಿಯನ್ನೂ ಎರಡು ಸಲ ಕೇಳಿ ಕುಡಿಯುವ ಜನ, ಬೇಡ ಅನ್ನಲಿಲ್ಲ. ಬೇಡ ಅಂದವರು ಎದುರು ಮನೆಯ ಶೇಷಮ್ಮ. ಆ ಬೀದಿಯಲ್ಲಿ ಯಾವುದು ಶುಭ ಯಾವುದು ಅಶುಭ ಎಂಬುದು ಪಂಚಾಂಗದಲ್ಲಿ ಬರುವುದಕ್ಕೆ ಮೊದಲು ಶೇಷಮ್ಮನ ಬಾಯಲ್ಲಿ ಬರುತ್ತಿತ್ತು.

"ಅಲ್ಲ ಹೊನ್ನಯ್ಯ, ಇದಕ್ಕೆ ಮಂಗಳ ಎಲ್ಲಿ?"

"ಯಾವ ಮಂಗಳ ಶೇಷಮ್ಮನೋರೆ?"

"ವಾಲಗ ಊದಿದ ಮೇಲೆ ಮಂಗಳ ಊದಿ ಮುಗಿಸ್ಬೇಕೋ ಬೇಡ್ವೋ? ನಿನ್ನ ಪ್ಲೇಟು ನಡುದಾರೀಲಿ ಕತ್ತು ಹಿಸುಕಿದ ಹಾಗೆ ನಿಂತ್ಹೋಗ್ತದೆ. ಮಂಗಳ ಹಾಡದೆ ನಿಲ್ಲಿಸಿದ್ರೆ ಮನೆಗೆ ಒಳ್ಳೇದಲ್ಲ ಕಣಪ್ಪ."

ಮಾತು ಹಬ್ಬುವುದಕ್ಕೆ ಒಂದು ಸಂತೆ ಸಾಕಾಯಿತು. ಪ್ಲೇಟು ಹಾಕಿಸಿದ್ದ ಒಂದು ಮನೆಯಲ್ಲಿ ಬಾವಿಯ ಹಗ್ಗ ಹರಿಯಿತು. ಹತ್ತು ವರ್ಷದ ಹಳೆಯ ಹಗ್ಗ, ಆದರೂ ಜಾಝಿನಿಂದಲೇ ಹರಿಯಿತು. ಇನ್ನೊಂದು ಮನೆಯಲ್ಲಿ ಅಳಿಯ ಮುನಿಸಿಕೊಂಡು ಹೋದ. ಅವನು ಮುನಿಸಿಕೊಳ್ಳದೆ ಹೋದ ಹಬ್ಬವೇ ಇರಲಿಲ್ಲ, ಆ ಸಲದ್ದು ಮಾತ್ರ ಕೋಣದ ಪ್ಲೇಟಿನ ಲೆಕ್ಕಕ್ಕೆ ಬಿತ್ತು. ಹೊನ್ನಯ್ಯ ಗ್ರಾಮಫೋನು ಹೊತ್ತು ಬರುವುದನ್ನು ಕಂಡರೆ ಜನ ಬಾಗಿಲು ಮುಂದೆ ಮಾಡಿಕೊಳ್ಳುವ ಹಾಗಾಯಿತು.

ಆಗ ಹೊನ್ನಯ್ಯ ತನ್ನ ಜೀವಮಾನದ ತಪ್ಪು ಮಾಡಿದ. ಮೂರನೆಯ ಪ್ಲೇಟಿನ ಒಂದು ಬದಿಗೆ ಜಾಝ್, ಅದರ ಬೆನ್ನಿಗೆ ಮಂಗಳ ಹಾಕಿಸುವುದೆಂದು ತೀರ್ಮಾನಿಸಿದ. ಎರಡನ್ನೂ ಊದುವವನು ಭೂತಪ್ಪನೇ. ಅವನು ಮದರಾಸಿನ ರೈಲಿನಲ್ಲಿ ಒಂದೇ ಮಾತು ಹೇಳಿದ.

"ಬೆನ್ನಿಗೆ ಅದನ್ನ ಕಟ್ಟಿದ್ರೆ ಜನ ಬೆನ್ನನ್ನೇ ನೋಡ್ತಾರೆ, ಹೊನ್ನಯ್ಯನೋರೆ."

"ಒಂದ್ಸಲ ಮನೆ ಒಳಗೆ ಹೋಗ್ಲಿ ಸುಮ್ಮನಿರು. ಒಳಗೆ ಹೋದ್ಮೇಲೆ ಯಾವತ್ತಾದ್ರೂ ತಿರುಗಿಸಿ ಹಾಕದೆ ಇರ್ತಾರಾ?"

ಇದ್ದರು. ಆ ಪ್ಲೇಟು ಬಂದದ್ದೇ ಬಂದದ್ದು, ದೊಣ್ಣೆಮೆಣಸಿನಕಾಯಿ ಬೋಂಡದ ಹಾಗೆ ಖರ್ಚಾಯಿತು. ಸತ್ಯನಾರಾಯಣ ಪೂಜೆ ಮುಗಿದರೆ ಮಂಗಳ, ಆರತಕ್ಷತೆ ಮುಗಿದರೆ ಮಂಗಳ, ಸುಬ್ಬಪ್ಪನ ಹೋಟೆಲು ಬಾಗಿಲು ಹಾಕುವಾಗ ಮಂಗಳ. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನ ತಮಿಳರೂ ತೆಲುಗರೂ ಕೊಂಡರು. ಶೇಷಮ್ಮನ ಮನೆಯಲ್ಲಂತೂ ಗ್ರಾಮಫೋನನ್ನು ದೇವರ ಮನೆಯ ಹೊಸ್ತಿಲಿನ ಒಳಗೇ ಇಟ್ಟರು. ಒಂದು ದಿನ ಭೂತಪ್ಪ ಕೋಟೆ ಬೀದಿಗೆ ಬಂದವನು ಅವರ ಬಾಗಿಲಲ್ಲಿ ಕುಡಿಯಲು ನೀರು ಕೇಳಿದ. ಅಂಗಳದ ಆಚೆ ನಿಲ್ಲಿಸಿ ಬೊಗಸೆಗೆ ಮೇಲಿನಿಂದ ಹೊಯ್ದರು. ಒಳಗೆ ದೇವರಿಗೆ ಒತ್ತಿಕೊಂಡೇ ಅವನ ಕ್ಲಾರಿನೆಟ್ಟು ಮಂಗಳ ನುಡಿಸುತ್ತಿತ್ತು. ಅವನ ಉಸಿರಿಗೆ ಮಡಿ ಉಂಟು, ಅವನಿಗಿಲ್ಲ. ನಮ್ಮೂರಿನ ಧರ್ಮಸೂಕ್ಷ್ಮ ಹೊರಗಿನವರಿಗೆ ಸುಲಭವಾಗಿ ತಿಳಿಯುವಂಥದ್ದಲ್ಲ. ಭೂತಪ್ಪ ನೀರು ಕುಡಿದು ಬಾಯಿ ಒರೆಸಿಕೊಂಡು ಹೋದ.

ಕಂಪನಿ ಗೆದ್ದಿತು, ಹೊನ್ನಯ್ಯ ಸೋತ. ರಿಪೇರಿಗೆ ಗ್ರಾಮಫೋನು ತಂದವರ ಹತ್ತಿರ ಪ್ಲೇಟನ್ನೂ ತರಿಸಿಕೊಂಡು ಬೆಳಕಿಗೆ ಹಿಡಿದು ನೋಡುತ್ತಿದ್ದ. ಮಂಗಳದ ಬದಿ ಮುಳ್ಳು ಓಡಾಡಿ ಓಡಾಡಿ ಬೂದಿಯ ಬಣ್ಣಕ್ಕೆ ತಿರುಗಿರುತ್ತಿತ್ತು. ಇನ್ನೊಂದು ಬದಿ ಎಣ್ಣೆ ಹಚ್ಚಿ ಬಾಚಿದ ಕೂದಲಿನ ಹಾಗೆ ಮಿರಮಿರ ಮಿಂಚುತ್ತಿತ್ತು.

"ಈ ಕಡೆ ಹಾಕ್ಲೇ ಇಲ್ವಾ?" ಎಂದು ಕೇಳುವನು.

"ಆ ಕಡೇನೂ ಏನಾದ್ರೂ ಇದೆಯಾ?" ಅನ್ನುವರು.

ಅವನಿಗೆ ಹೊಟ್ಟೆ ಉರಿಯುತ್ತಿತ್ತು. ಊರವರ ಮೇಲಲ್ಲ, ಆ ಮಿಂಚಿನ ಮೇಲೆ. ಭೂತಪ್ಪ ಅಷ್ಟು ಚೆಂದ ಜಾರಿ ಬಿದ್ದದ್ದನ್ನು ನೋಡುವವರೇ ಇಲ್ಲದೆ ಹೋದರಲ್ಲ ಎಂದು ಅಂಗಡಿಯಲ್ಲಿ ಒಬ್ಬನೇ ಕೂತು ಕೇಳಿ, ಒಬ್ಬನೇ ತಲೆದೂಗುತ್ತಿದ್ದ. ಯುದ್ಧ ಬಂತು. ಪ್ಲೇಟು ಮಾಡುವ ಅರಗು ಸಿಕ್ಕದ ಹಾಗಾಯಿತು. ಸೀಮೆಎಣ್ಣೆಗೂ ಸಾಲು ನಿಲ್ಲುವ ಕಾಲದಲ್ಲಿ ಕಂಪನಿ ಸದ್ದಿಲ್ಲದೆ ಮುಚ್ಚಿತು. ಬೋರ್ಡಿನ ಕೋಣ ಮಾತ್ರ ಅಲ್ಲೇ ನಿಂತು ಕೇಳುತ್ತಲೇ ಇತ್ತು.

ನಲವತ್ತಮೂರರ ಚಳಿಗಾಲದಲ್ಲಿ ಹೊನ್ನಯ್ಯ ಎದೆನೋವೆಂದು ಮಲಗಿದ. ಒಂದು ಮಧ್ಯಾಹ್ನ ನಂಜಮ್ಮ ಗಂಜಿ ತಂದಾಗ ಅವಳ ಸೆರಗು ಹಿಡಿದು, "ನಂಜು, ಒಂದ್ಸಲ ಆ ಕಡೆ ಪೂರ್ತಿ ಕೇಳ್ತೀಯಾ? ನಾನೇನೂ ಕೇಳಲ್ಲ ಆಮೇಲೆ," ಅಂದ.

"ಮೊದ್ಲು ಗುಣ ಆಗ್ರಿ. ಕೇಳಿದ್ರಾಯ್ತು, ಅದೆಲ್ಲಿ ಓಡಿಹೋಗ್ತದೆ," ಅಂದಳು ನಂಜಮ್ಮ. ಒಲೆಯ ಮೇಲೆ ಸಾರಿತ್ತು.

ಅದು ಓಡಿಹೋಗಲಿಲ್ಲ, ಅವನು ಹೋದ.

ಹೊಳೆಗೆ ಬೂದಿ ಬಿಟ್ಟು ಬಂದ ದಿನ ಬೀದಿಯವರೆಲ್ಲ ಆ ಮನೆಯ ಪಡಸಾಲೆಯಲ್ಲಿ ಗೋಡೆಗೊರಗಿ ಕೂತಿದ್ದರು. ಸಾವಿನ ಮನೆಯಲ್ಲಿ ಮಾತು ಬೇಗ ಮುಗಿಯುತ್ತದೆ. ಒಳ್ಳೆಯವನಾಗಿದ್ದ ಎಂದಾಯಿತು, ಕೊಡೆ ಚೆನ್ನಾಗಿ ರಿಪೇರಿ ಮಾಡುತ್ತಿದ್ದ ಎಂದಾಯಿತು. ಆಮೇಲೆ ಸುಬ್ಬಪ್ಪ ಗಂಟಲು ಸರಿಮಾಡಿಕೊಂಡು, "ಅವನದೇ ಒಂದು ಪ್ಲೇಟು ಹಾಕಿದ್ರೆ ಅವನ ಆತ್ಮಕ್ಕೆ ಸಮಾಧಾನ ಆಗ್ತಿತ್ತು," ಅಂದ. ಎಲ್ಲರೂ ಹೌದು ಅಂದರು. ಸುಬ್ಬಪ್ಪ ಎದ್ದು ಗ್ರಾಮಫೋನಿಗೆ ಕೀ ಕೊಟ್ಟು, ರೂಢಿಯ ಮೇಲೆ ಮಂಗಳದ ಬದಿ ಮೇಲು ಮಾಡಿ ಇಟ್ಟ.

"ಏಯ್, ಸೂತಕದ ಮನೇಲಿ ಮಂಗಳ ಹಾಕ್ತೀಯೇನೋ? ತಲೆ ನೆಟ್ಟಗಿದೆಯಾ?" ಅಂದರು ಶೇಷಮ್ಮ.

ಸುಬ್ಬಪ್ಪನ ಕೈ ಹಾಗೇ ನಿಂತಿತು. ಹಾಕುವ ಹಾಗಿಲ್ಲ, ಹಾಕುತ್ತೇನೆ ಎಂದು ಎದ್ದವನು ಸುಮ್ಮನೆ ಕೂರುವ ಹಾಗೂ ಇಲ್ಲ. ಆಗ ಮೂಲೆಯಲ್ಲಿ ಮುಸುಕೆಳೆದುಕೊಂಡು ಕೂತಿದ್ದ ನಂಜಮ್ಮ ತಲೆಯೆತ್ತದೆ ಹೇಳಿದಳು.

"ತಿರುಗಿಸಿ ಹಾಕಿ. ಆ ಕಡೇದಕ್ಕೆ ಮಂಗಳ ಇಲ್ಲ."

ಸುಬ್ಬಪ್ಪ ತಿರುಗಿಸಿದ. ಪ್ಲೇಟಿನೊಳಗಿಂದ ಭೂತಪ್ಪ ಬದುವಿನ ಮೇಲೆ ನಡೆದುಕೊಂಡು ಬಂದ. ಕಾಲು ಜಾರಿತು. ಸಾವಿನ ಮನೆಯಿಂದ ನಡುವೆ ಎದ್ದು ಹೋಗುವ ಹಾಗಿಲ್ಲವಲ್ಲ, ಹೋಗಿ ಬರ್ತೀನಿ ಅನ್ನುವ ಹಾಗೂ ಇಲ್ಲ. ಮುಳ್ಳು ಎತ್ತುವ ಅಧಿಕಾರ ಆ ಹೊತ್ತಿನಲ್ಲಿ ಯಾರಿಗೂ ಇರಲಿಲ್ಲ. ಇಡೀ ಬೀದಿ ಕಟ್ಟಿಹಾಕಿದ ಹಾಗೆ ಕೂತು ಕೇಳಿತು. ಶೇಷಮ್ಮನ ಕಾಲಿನ ಹೆಬ್ಬೆರಳು ಅವರನ್ನು ಕೇಳದೆಯೇ ತಾಳ ಹಾಕುತ್ತಿತ್ತು. ಅವರು ಅದರ ಮೇಲೆ ಸೀರೆ ಎಳೆದುಕೊಂಡರು. ಜಾರಿದ್ದು ಎದ್ದಿತು, ಕೊಡವಿಕೊಂಡಿತು, ನಕ್ಕಿತು, ನಗುತ್ತ ನಗುತ್ತ ಏನೋ ನೆನಪಾದ ಹಾಗೆ ಸಣ್ಣಗಾಯಿತು, ಮತ್ತೆ ಹೊರಡುವಷ್ಟರಲ್ಲಿ ನಿಂತಿತು. ಮುಳ್ಳು ಕೊನೆಯ ಗೆರೆಯಲ್ಲಿ ಕರಕರ ಸುತ್ತುತ್ತಿತ್ತು. ಯಾರ ಕೈಯೂ ಮೇಲೇಳಲಿಲ್ಲ. ಹೊರಗೆ ಜಗಲಿಯ ಕೆಳಗೆ ಕೂತಿದ್ದ ಭೂತಪ್ಪ ಮುಖ ಮುಚ್ಚಿಕೊಂಡಿದ್ದ.

"ಇಷ್ಟೇ ಇತ್ತಾ," ಅಂದಳು ನಂಜಮ್ಮ. "ಇಷ್ಟಕ್ಕೆ ನನಗೆ ಬಿಡುವಾಗ್ಲಿಲ್ಲ." ಆಮೇಲೆ ಜೋರಾಗಿ ಅತ್ತಳು. ಹೆಣ ಎತ್ತುವಾಗಲೂ ಹಾಗೆ ಅತ್ತಿರಲಿಲ್ಲ.

ಹೊರಡುವಾಗ ಸುಬ್ಬಪ್ಪ ಭೂತಪ್ಪನ ಹತ್ತಿರ ನಿಂತು, "ಚೆನ್ನಾಗಿದೆಯಲ್ಲೋ. ಇಂಥದ್ದು ಇನ್ನೊಂದು ಎಲ್ಲಾದ್ರೂ ಸಿಕ್ತದಾ?" ಎಂದು ಕೇಳಿದ.

"ನಿಮ್ಮ ಹೋಟ್ಲಲ್ಲೇ ಇದೆ ಸ್ವಾಮಿ. ಮಂಗಳದ ಬೆನ್ನಿಗೆ."

ಇಷ್ಟಕ್ಕೆ ಊರು ತಿದ್ದಿಕೊಂಡಿತು ಎಂದುಕೊಂಡರೆ ನಿಮಗೆ ನಮ್ಮೂರು ಗೊತ್ತಿಲ್ಲ. ಹೊನ್ನಯ್ಯನ ಸೂತಕದಲ್ಲಿ ಹಾಕಿದ್ದರು ಎಂಬುದೇ ಶಾಸ್ತ್ರವಾಯಿತು. ವರ್ಷ ತಿರುಗುವುದರೊಳಗೆ ಆ ಬದಿ ಸಾವಿನ ಮನೆಗೆ, ಈ ಬದಿ ಮದುವೆ ಮನೆಗೆ ಎಂದು ಶೇಷಮ್ಮ ಗೊತ್ತುಮಾಡಿಬಿಟ್ಟರು. ಹೆಣದ ಮುಂದೆ ಜಾಝ್ ಕೇಳಿಕೊಂಡು ಕೂತ ಊರು ಅಮೆರಿಕಾದಲ್ಲೂ ಉಂಟೋ ಇಲ್ಲವೋ ನನಗೆ ತಿಳಿಯದು. ಅಂತೂ ಎರಡೂ ಬದಿ ಸಮವಾಗಿ ಬೂದಿಯ ಬಣ್ಣಕ್ಕೆ ತಿರುಗಿದವು. ನೋಡುವುದಕ್ಕೆ ಹೊನ್ನಯ್ಯ ಇರಲಿಲ್ಲ.

ನಂಜಮ್ಮನೊಬ್ಬಳು ಆ ಶಾಸ್ತ್ರಕ್ಕೆ ಸೇರಲಿಲ್ಲ. ಸಾವಿಲ್ಲ, ನೋವಿಲ್ಲ, ಯಾವುದೋ ಒಂದು ಮಂಗಳವಾರ ಬೆಳಗ್ಗೆ ಹುರುಳಿಕಾಯಿ ಹೆಚ್ಚುತ್ತ ಆ ಬದಿ ಹಾಕಿಕೊಂಡು ಕೂತಿರುತ್ತಿದ್ದಳು. ಹಾಗೊಂದು ದಿನ ಶೇಷಮ್ಮ ಅಂಗಳ ದಾಟಿ ಬಂದೇಬಿಟ್ಟರು.

"ಮಾರಾಯ್ತಿ, ಅದು ಸಾವಿನ ಮನೆ ಪ್ಲೇಟು ಕಣೆ. ಮುತ್ತೈದೆಯರು ಓಡಾಡೋ ಬೀದಿ ಇದು. ತೆಗೆ ಮೊದ್ಲು."

ನಂಜಮ್ಮ ಮಣೆಯೊಂದನ್ನು ಅವರ ಕಡೆಗೆ ಸರಿಸಿದಳು. ಒಳಗೆ ಒಲೆಯ ಮೇಲಿನ ಅನ್ನ ತಳ ಹಿಡಿದ ವಾಸನೆ ಬರುತ್ತಿತ್ತು, ಅವಳು ಏಳಲಿಲ್ಲ.

"ಕೂತ್ಕೊಳ್ಳಿ ಶೇಷಮ್ಮನೋರೆ. ಪೂರ್ತಿ ಆಗ್ಲಿ, ಆಮೇಲೆ ಮಾತಾಡೋಣ."