ಬೇರೆ ಗ್ರಹದ ಕರೆಪ್ಪ

ಖಾನಾಪುರದ ಹೊರಗೆ ಮುಚ್ಚಿಹೋದ ಹೆಂಚಿನ ಕಾರ್ಖಾನೆಯೊಂದಕ್ಕೆ ಕರೆಪ್ಪ ಕಾವಲುಗಾರ. ಒಡೆದ ಹೆಂಚು ಬಿಟ್ಟರೆ ಅಲ್ಲಿ ಕದಿಯಲು ಏನೂ ಇರಲಿಲ್ಲ. ಹನ್ನೊಂದು ವರ್ಷದಲ್ಲಿ ಒಂದೂ ಕಳ್ಳತನ ಆಗಲಿಲ್ಲವೆಂದು ಮಾಲಕರು ಅವನನ್ನು ಬಹಳ ಹೊಗಳುತ್ತಿದ್ದರು.

ಅವನ ನಿಜವಾದ ಕೆಲಸ ಸಂಬಳವಿಲ್ಲದ್ದು. ಓಣಿಯಲ್ಲಿ ಜಗಳವಾದರೆ ಅಜ್ಜನ ಕಾಲದ ಕರಿ ಕಂಬಳಿ ಹಾಸಿ, ಅದರ ಮೇಲೆ ಕೂತು ನ್ಯಾಯ ಹೇಳುತ್ತಿದ್ದ. ಆ ಕಂಬಳಿಗೆ ಒಂದೇ ಕಟ್ಟಳೆ. ಎರಡೂ ಕಡೆಯವರ ಮಾತು ಕೇಳದೆ ಅದರ ಮೇಲೆ ಕೂತು ತೀರ್ಪು ಕೊಟ್ಟವನು ಮತ್ತೆಂದೂ ಅದನ್ನು ಹಾಸುವ ಹಾಗಿಲ್ಲ. ಅವನ ಕಾಕಾ ಒಮ್ಮೆ ಹಾಗೆ ಅವಸರ ಮಾಡಿ, ಉಳಿದ ಇಪ್ಪತ್ತು ವರ್ಷ ಮಂದಿಯ ನಡುವೆ ಮೂಲೆಯಲ್ಲಿ ಕೂತು ಎಲೆ ಅಡಿಕೆ ಜಗಿದೇ ಸತ್ತ.

ಇಂಥವನ ಹತ್ತಿರಕ್ಕೆ ಬೆಳಗಾವಿಯಿಂದ ವಿನಯ ಎಂಬಾತ ಸಿನಿಮಾ ತೆಗೆಯಲು ಬಂದ. ಬೇರೆ ಗ್ರಹದಿಂದ ಒಬ್ಬ ಇಳಿಯುತ್ತಾನೆ, ಇಳಿದವನೇ ಮನುಷ್ಯರೆಲ್ಲ ಕೆಟ್ಟವರೆಂದು ತೀರ್ಪು ಕೊಡುತ್ತಾನೆ, ಅಷ್ಟೇ ಕಥೆ. ಹೆಂಚು ಸುಡುತ್ತಿದ್ದ, ಹೊಗೆ ಹಿಡಿದ ಹಳೆಯ ಭಟ್ಟಿ ಆಕಾಶದ ಹಡಗಾಯಿತು. ಆರಡಿ ಮೀರಿದ ಎತ್ತರ, ಒಳಗೆ ಹೋದ ಗಲ್ಲದ ಕರೆಪ್ಪನನ್ನು ಕಂಡು, ಇವನಿಗೆ ವೇಷದ ಖರ್ಚೇ ಬೇಡವೆಂದು ವಿನಯ ಹಿಗ್ಗಿದ. ಕರೆಪ್ಪ ಅದನ್ನು ಹೊಗಳಿಕೆ ಎಂದೇ ತಿಳಿದ. ಮನುಷ್ಯ ಕುಲದ ಪಾತ್ರಕ್ಕೆ ಓಣಿಯ ಇಪ್ಪತ್ತು ಜನ ಸಿಕ್ಕರು, ಮಧ್ಯಾಹ್ನ ಊಟ ಹಾಕಬೇಕೆಂಬ ಕರಾರಿನ ಮೇಲೆ.

ಬೆಳಗಾವಿಯಲ್ಲಿ ಮಾಡಿಸಿದ ಥರ್ಮಾಕೋಲಿನ ಸಿಂಹಾಸನ, ದಾರಿಯ ತಗ್ಗುಗಳಲ್ಲಿ ಟೆಂಪೋ ಕುಣಿದು ಮೂರು ತುಂಡಾಗಿತ್ತು. ಕರೆಪ್ಪನ ಮುಖಕ್ಕೆ ಬೆಳ್ಳಿ ಬಣ್ಣ ಬಳಿಯುತ್ತಿದ್ದಾಗ ವಿನಯ ಕಾವಲು ಕೋಣೆಗೆ ಹೊಕ್ಕು, ಗೂಟದಲ್ಲಿದ್ದ ಕಂಬಳಿ ತಂದು ಇಟ್ಟಿಗೆಯ ಮೇಲೆ ಹಾಸಿದ. ಬಣ್ಣ ಹಸಿಯಿದ್ದುದರಿಂದ ಕಣ್ಣು ಮುಚ್ಚಿಕೊಂಡೇ ಬಂದು ಕೂತ ಕರೆಪ್ಪನ ಕೈಗೆ ಅಂಚಿನ ಗಂಟುಗಳು ಸಿಕ್ಕವು. ಕೂತದ್ದು ಅಜ್ಜನ ಕಂಬಳಿಯ ಮೇಲೆಂದು ಆಗ ತಿಳಿಯಿತು.

ಕ್ಯಾಮೆರಾ ಓಡಿತು. ಮನುಷ್ಯ ಕುಲ ಹೇಳಿಕೊಟ್ಟಂತೆ ನಡುಗಿತು. ತೀರ್ಪು ಮಾತ್ರ ಬರಲಿಲ್ಲ.

"ಕಾಕಾ, ಒಂದ ಮಾತು. ಎಲ್ಲಾರೂ ತಪ್ಪಿತಸ್ಥರು, ಸುಟ್ಟ ಹೋಗ್ಲಿ, ಅಷ್ಟ ಅನ್ರಿ," ಎಂದ ವಿನಯ.

"ಅನ್ನಾಕ ಬರೂದಿಲ್ರಿ ಸಾಹೇಬ್ರ. ಇದು ನ್ಯಾಯದ ಕಂಬಳಿ. ಇವರ ಕಡಿ ಮಾತು ನಾ ಇನ್ನೂ ಕೇಳಿಲ್ಲ."

ಇದು ಬರೀ ಸಿನಿಮಾ ಎಂದು ವಿನಯ ತಿಳಿಸಿ ಹೇಳಿದ. ಸಿನಿಮಾ ನಿಮ್ಮದು, ಕಂಬಳಿ ನಮ್ಮದು ಎಂದು ಕರೆಪ್ಪ ಅಲುಗಾಡದೆ ಕೂತ. ಅಷ್ಟರಲ್ಲಿ ಮನುಷ್ಯ ಕುಲದ ಮುಂದಿನ ಸಾಲಿನಿಂದ ಭರಮವ್ವ ಎದ್ದಳು. ಕೇಳುವುದಾದರೆ ತನ್ನದೊಂದಿದೆ ಎಂದು, ಬಾಜು ಮನೆಯ ಬಾಳೇಶ ನಳದ ಮುಂದೆ ರಾತ್ರಿಯೇ ಕೊಡಪಾನ ಇಟ್ಟು ಪಾಳಿ ಹಿಡಿಯುವ ಮಾತು ತೆಗೆದಳು. ಬಾಳೇಶನೂ ಮನುಷ್ಯ ಕುಲದಲ್ಲೇ ನಿಂತಿದ್ದ. ಅವನೇನು ಸುಮ್ಮನಿರುತ್ತಾನೆಯೇ, ಅವಳ ಕೋಳಿಗಳ ಮಾತು ಎತ್ತಿದ. ಕೆಲವರು ನಳದ ಕಡೆ, ಕೆಲವರು ಕೋಳಿಯ ಕಡೆ. ಮರಾಠಿಯಲ್ಲಿ ಬೈದವರಿಗೆ ಕನ್ನಡದಲ್ಲಿ, ಕನ್ನಡದಲ್ಲಿ ಬೈದವರಿಗೆ ಮರಾಠಿಯಲ್ಲಿ ಉತ್ತರ ಬಂತು. ಆ ಮಟ್ಟಿಗೆ ಊರಲ್ಲಿ ಒಗ್ಗಟ್ಟು ಇತ್ತು. ವಿನಯ ಎಂಟು ತಿಂಗಳು ಕೂತು ಬರೆದ ಮನುಷ್ಯರ ದುಷ್ಟತನ ಐದು ನಿಮಿಷದಲ್ಲಿ ಪುಕ್ಕಟೆ ಸಿಕ್ಕಿತು. ಆದರೆ ಕ್ಯಾಮೆರಾ ಬಂದ್ ಆಗಿತ್ತು.

ಆಗ ಕರೆಪ್ಪನ ಹೆಂಡತಿ ಮಾಯಕ್ಕ ರೊಟ್ಟಿ ಹಿಡಿದು ಒಳಗೆ ಬಂದಳು. ಬೆಳ್ಳಿಯಾದ ಗಂಡನನ್ನು ಕಂಡು ಬೆರಗಾಗಲಿಲ್ಲ. ನಲವತ್ತು ವರ್ಷದ ಸಂಸಾರದಲ್ಲಿ ಇದಕ್ಕಿಂತ ವಿಚಿತ್ರದ್ದು ನೋಡಿದ್ದಳು. ಸಂಗತಿ ಕೇಳಿದಳು, ಅವನನ್ನು ಎಬ್ಬಿಸಿ ಕಂಬಳಿ ಮಡಚಿ ಬಗಲಿಗಿಟ್ಟುಕೊಂಡಳು, ವಿನಯನ ಪ್ಲಾಸ್ಟಿಕ್ ಕುರ್ಚಿ ಎಳೆದಳು.

"ಇದರ ಮ್ಯಾಲ ಕುಂತು ಏನ ಬೇಕಾದ್ದ ಅನ್ರಿ. ಕುರ್ಚಿ ಮ್ಯಾಲ ಕುಂತವರ ಮಾತ ಯಾರ ಹಿಡೀತಾರ?"

ಕರೆಪ್ಪ ಕೂತ. ಒಂದೇ ಏಟಿಗೆ ಮನುಷ್ಯ ಕುಲವನ್ನೆಲ್ಲ ಸುಟ್ಟು ಬೂದಿ ಮಾಡಿದ. ನಡುವೆ ತನ್ನದೂ ಎರಡು ಬೈಗುಳ ಸೇರಿಸಿದ. ವಿನಯನ ಕಣ್ಣಲ್ಲಿ ನೀರು ಬಂತು. ಸರ್ವನಾಶವಾದ ಮನುಷ್ಯ ಕುಲ ಚಪ್ಪಾಳೆ ತಟ್ಟಿ, ಪಲಾವಿನ ಪಾತೇಲಿಯ ಕಡೆ ಓಡಿತು.

ಭರಮವ್ವ ಓಡಲಿಲ್ಲ. ಎಳೆದಾಡಿ ಬಾಳೇಶನನ್ನೂ ನಿಲ್ಲಿಸಿಕೊಂಡಿದ್ದಳು.

"ಕರೆಪ್ಪಣ್ಣ, ಮಾರಿ ತೊಳಕೊಂಡ ಬಾ," ಎಂದಳು. "ನಮ್ಮ ನಳದ ಮಾತು ಹಂಗ ಉಳದೈತಿ."

ಕರೆಪ್ಪ ಹೆಂಡತಿಯ ಬಗಲಿನಿಂದ ಕಂಬಳಿ ಇಸಿದುಕೊಂಡ.