ಲೋಟದಕ್ಕ ಬಾಗಿಲಿಗೆ ಅಡ್ಡ ನಿಂತ ಸಂಜೆ

ನಮ್ಮ ಡ್ಯಾನ್ಸ್ ಹಾಲ್‌ನಲ್ಲಿ ಖಾಲಿ ಲೋಟ ಎತ್ತುವ ಹೆಂಗಸನ್ನು ಎಲ್ಲರೂ ಲೋಟದಕ್ಕ ಎಂದೇ ಕರೆಯುತ್ತಾರೆ. ನಾನು ಅಲ್ಲೇ ಕೌಂಟರಿನ ಹಿಂದೆ ನಿಂತು ಪಾನೀಯ ಬೆರೆಸಿ ಕೊಡುವವನು. ಅವಳು ಹದಿನೆಂಟು ವರ್ಷದಿಂದ ಲೋಟ ಎತ್ತುತ್ತಿದ್ದಾಳೆ, ನಾನು ಆರು ವರ್ಷದಿಂದ ಅವಳ ಜೊತೆ ಜಗಳವಾಡುತ್ತಿದ್ದೇನೆ. ಖಾಲಿ ಲೋಟ ಎತ್ತಿದರೆ ನನಗೇನು ಹೊಟ್ಟೆನೋವು? ಈ ಮಹಾತಾಯಿ ತುಂಬಿದ ಲೋಟವನ್ನೂ ಎತ್ತುತ್ತಾಳೆ! ಯಾರಾದರೂ ಮೇಜಿನ ಮೇಲೆ ಲೋಟವಿಟ್ಟು ಕುಣಿಯಲು ಹೋದರೋ, ಫೋನ್ ಹಿಡಿದು ಆಚೆ ಹೋದರೋ, ಮುಗಿಯಿತು. ಲೋಟ ಅವಳ ಟ್ರೇಗೆ, ಒಳಗಿದ್ದದ್ದು ಸಿಂಕಿಗೆ. ಗಿರಾಕಿ ಬಂದು ಕಣ್ಣು ಕೆಂಪು ಮಾಡಿದರೆ, "ಯಾರೂ ಇಲ್ದಿರೋ ಲೋಟದೊಳಗೆ ಏನು ಬಿತ್ತೋ ಯಾರು ಕಂಡ್ರು? ಅಲ್ಲಿ ಹೊಸದು ಕೊಡ್ತಾರೆ, ಹೋಗಿ ತಗೊಳ್ಳಿ," ಎಂದು ನನ್ನತ್ತ ಬೆರಳು ತೋರಿಸಿ ನಡೆದುಬಿಡುತ್ತಾಳೆ. ಬೈಸಿಕೊಳ್ಳುವವನು ನಾನು.

ಗಿಡ್ಡ ಆಳು, ಸೊಂಟಕ್ಕೆ ರಬ್ಬರ್ ಏಪ್ರನ್, ಕಾಲಿಗೆ ಸದ್ದೇ ಮಾಡದ ಚಪ್ಪಲಿ. ನಲವತ್ತು ಮೇಜಿನ ಮೇಲೆ ಯಾವ ಲೋಟ ಯಾರದ್ದು ಎಂಬುದೆಲ್ಲ ಅವಳ ತಲೆಯಲ್ಲಿರುತ್ತದೆ. ತನ್ನ ಕನ್ನಡಕ ಎಲ್ಲಿಟ್ಟೆ ಎಂದು ಮಗಳಿಗೆ ಫೋನ್ ಮಾಡಿ ಕೇಳುವವಳೂ ಇವಳೇ. ಅವಳ ಕಟ್ಟುನಿಟ್ಟಿಗೆ ಒಂದೇ ಒಂದು ರಿಯಾಯಿತಿ ಇತ್ತು. ಜೊತೆಯವರು ಮೇಜಿನ ಬಳಿ ಕೂತಿದ್ದರೆ ಲೋಟ ಮುಟ್ಟುತ್ತಿರಲಿಲ್ಲ.

ಆ ಸಂಜೆ ಯಾವುದೋ ಕಚೇರಿಯವರ ಪಾರ್ಟಿ. ಹಳದಿ ಅಂಗಿಯ ಹುಡುಗಿಯೊಬ್ಬಳು ಕೆಲಸ ಕಾಯಂ ಆಯಿತೆಂದು ಕುಣಿದು ಕುಪ್ಪಳಿಸುತ್ತಿದ್ದಳು. ಕುಡಿದದ್ದು ಬರೀ ನಿಂಬೆ ಸೋಡ, ಬೆರೆಸಿ ಕೊಟ್ಟದ್ದು ಇದೇ ಕೈ. ಎರಡನೆಯ ಲೋಟವನ್ನು ಮೇಜಿನ ಮೇಲಿಟ್ಟು ಅವಳು ಕುಣಿಯಲು ಹೋದಾಗ ಅಕ್ಕ ಟ್ರೇ ಹಿಡಿದು ಹಾಜರಾದಳು.

"ಬಿಡಿ ಅಮ್ಮ, ನಾನು ನೋಡ್ಕೋತೀನಿ. ನಾವು ಒಂದೇ ಆಫೀಸು," ಎಂದ ಪಕ್ಕದ ಕುರ್ಚಿಯ ನೀಲಿ ಕೋಟಿನವನು. ಒಳ್ಳೆಯ ನಗುಮುಖ. ಅಕ್ಕ ಲೋಟ ಬಿಟ್ಟು ಹೋದಳು.

ಹುಡುಗಿ ಬಂದಳು, ದಾಹವಾಗಿತ್ತೋ ಏನೋ, ಗಟಗಟ ಕುಡಿದಳು. ಅರ್ಧ ಗಂಟೆ ಕಳೆದಿರಬೇಕು. ನೋಡುತ್ತೇನೆ, ನೀಲಿ ಕೋಟಿನವನು ಅವಳ ಸೊಂಟ ಹಿಡಿದು ಬಾಗಿಲ ಕಡೆ ನಡೆಸುತ್ತಿದ್ದಾನೆ. ಅವಳ ಕಾಲೊಂದು ಕಡೆ, ತಲೆಯೊಂದು ಕಡೆ.

"ಜಾಸ್ತಿ ಆಗ್ಬಿಟ್ಟಿದೆ ಇವಳಿಗೆ, ಮನೆಗೆ ಬಿಟ್ಟು ಬರ್ತೀನಿ," ಎಂದು ಅವನು ವಾಚ್‌ಮನ್‌ಗೆ ಹೇಳಿದ. ನಮ್ಮ ವಾಚ್‌ಮನ್ ಪುಣ್ಯಾತ್ಮ ಸಲಾಮು ಹೊಡೆದು ಬಾಗಿಲನ್ನೂ ತೆಗೆದ!

ಆಗ ಫಳಾರನೆ ಸದ್ದಾಯಿತು. ಹದಿನೆಂಟು ವರ್ಷದಲ್ಲಿ ಒಂದು ಲೋಟವನ್ನೂ ಒಡೆಯದವಳು ಇಡೀ ಟ್ರೇ ಕೈಬಿಟ್ಟು, ಓಡಿ ಹೋಗಿ ಬಾಗಿಲಿಗೆ ಅಡ್ಡ ನಿಂತಿದ್ದಳು.

"ಏ ತಮ್ಮಾ! ಈ ಹುಡುಗಿಗೆ ಏನು ಕೊಟ್ಟೆ ನೀನು?" ಎಂದು ಅಲ್ಲಿಂದಲೇ ಕೂಗಿದಳು.

"ನಿಂಬೆ ಸೋಡ ಅಕ್ಕಾ! ಬರೀ ನಿಂಬೆ ಸೋಡ!"

ಹೇಳಿ ಬಾಯಿ ಮುಚ್ಚುವಷ್ಟರಲ್ಲಿ ನನಗೇ ಹೊಳೆಯಿತು. ಸೋಡ ಕುಡಿದು ಯಾರಿಗಾದರೂ ಜಾಸ್ತಿ ಆಗುತ್ತದೆಯೇ? ಕೌಂಟರ್ ಹಾರಿ ಓಡಿದೆ. ನನ್ನ ಹೊಟ್ಟೆ ನೋಡಿದವರು ನಂಬುವುದಿಲ್ಲ, ಆದರೆ ಹಾರಿದ್ದು ನಿಜ.

"ದಾರಿ ಬಿಡಿ ಅಮ್ಮ. ನಾನು ಇವಳಿಗೆ ಅಣ್ಣ ಇದ್ದ ಹಾಗೆ," ಎಂದ ನೀಲಿ ಕೋಟಿನವನು.

"ಇದ್ದ ಹಾಗೆ ಗಿದ್ದ ಹಾಗೆ ಬೇಡಪ್ಪ. ಇವಳ ಮನೆ ಎಲ್ಲಿ, ಹೇಳು."

"ಅದು... ಇಲ್ಲೇ, ಮೇನ್ ರೋಡ್ ಹತ್ರ."

"ಯಾವ ಬೀದಿ? ಎಷ್ಟನೇ ಮನೆ? ಮನೆಗೆ ಬಿಡ್ತೀನಿ ಅಂದ್ಯಲ್ಲ, ಮನೆ ಎಲ್ಲಿದೆ ಅಂತಾನೇ ಗೊತ್ತಿಲ್ವಾ ನಿಂಗೆ?"

ಅವನು ಥಟ್ಟನೆ ಹುಡುಗಿಯನ್ನು ಬಿಟ್ಟುಬಿಟ್ಟ. ಅವಳು ಕುಸಿಯುವ ಮೊದಲೇ ಅಕ್ಕ ತಬ್ಬಿ ಹಿಡಿದಳು. ವಾಚ್‌ಮನ್‌ಗೆ ಕೊನೆಗೂ ಬುದ್ಧಿ ಬಂತು, ಬಾಗಿಲು ಹಾಕಿದ. ಜನ ಸೇರಿದರು. ಸೋಡಕ್ಕೆ ಇವನೇ ಏನೋ ಹಾಕಿದ್ದಾನೆ ಎಂದು ನಾನು ಎಲ್ಲರಿಗೂ ಕೇಳುವಂತೆ ಕೂಗಿದೆ.

"ನಾನೇನೋ ಹಾಕ್ದೆ ಅನ್ನೋಕೆ ಏನಿದೆ ನಿಮ್ಹತ್ರ?" ಎಂದು ಅವನು ದನಿ ಏರಿಸಿದ.

"ತಮ್ಮ, ಅವಳ ಲೋಟ ತಗೊಂಡು ಬಾ," ಎಂದಳು ಅಕ್ಕ.

ಎಲ್ಲಿಂದ ತರಲಿ? ಆರು ವರ್ಷ ಅವಳ ಜೊತೆ ಲೋಟಕ್ಕಾಗಿ ಜಗಳವಾಡಿದ ಮಹಾಶಯ ನಾನು ಆವತ್ತು ಪುರುಸೊತ್ತಿದೆಯೆಂದು ಆ ಲೋಟವನ್ನು ನಾನೇ ಎತ್ತಿ, ಸೋಪು ಹಾಕಿ, ಫಳಫಳ ತೊಳೆದಿಟ್ಟಿದ್ದೆ. ಹೇಳಿದೆ. ನೀಲಿ ಕೋಟಿನವನು ನಕ್ಕ. ಅವನ ಮುಖಕ್ಕೆ ಬಾರಿಸಬೇಕೆನಿಸಿತು, ನನ್ನ ಮುಖಕ್ಕೆ ಇನ್ನೂ ಜೋರಾಗಿ.

ಅಕ್ಕ ನೆಲದ ಮೇಲೆ ಕೂತು ಹುಡುಗಿಯನ್ನು ಮಗ್ಗುಲಾಗಿ ಮಲಗಿಸಿ, ಉಸಿರು ನೋಡುತ್ತಿದ್ದಳು. ತಲೆ ಎತ್ತದೆಯೇ ಹೇಳಿದಳು. "ಲೋಟ ತೊಳೆದ್ರೆ ಏನಾಯ್ತು? ಕುಡಿದದ್ದು ಇನ್ನೂ ಇವಳ ಮೈಯಲ್ಲಿದೆ. ಆಂಬುಲೆನ್ಸ್ ಕರಿ, ಪೊಲೀಸರನ್ನೂ ಕರಿ. ಈಗಲೇ ರಕ್ತ, ಮೂತ್ರ ಪರೀಕ್ಷೆ ಮಾಡಿಸಿದ್ರೆ ಗೊತ್ತಾಗುತ್ತೆ. ತಡ ಮಾಡಿದ್ರೆ ಗುರುತೂ ಸಿಗಲ್ಲ."

ಅವನ ನಗು ಅಲ್ಲಿಗೆ ನಿಂತಿತು. ಆಹಾ, ಆ ಮುಖ ನೋಡಬೇಕಿತ್ತು! ಆಮೇಲೆ ಬಂದ ವರದಿಯಲ್ಲಿ ನಿದ್ದೆ ಮಾತ್ರೆಯ ಅಂಶ ಇದ್ದೇ ಇತ್ತು.

ಮಾರನೆಯ ಬೆಳಿಗ್ಗೆ ಇಬ್ಬರೂ ಆಸ್ಪತ್ರೆಗೆ ಹೋದೆವು. ಹುಡುಗಿ ಎಚ್ಚರವಾಗಿದ್ದಳು. ತುಟಿ ಒಣಗಿತ್ತು, ನಮ್ಮನ್ನು ನೋಡಿ ತಲೆ ತಗ್ಗಿಸಿದಳು.

"ನಂದೇ ತಪ್ಪು ಅಮ್ಮ. ಲೋಟ ಬಿಟ್ಟು ಹೋಗಬಾರದಿತ್ತು."

"ಸುಮ್ನಿರು!" ಅಕ್ಕ ಎಷ್ಟು ಜೋರಾಗಿ ಗದರಿದಳೆಂದರೆ ಪಕ್ಕದ ಮಂಚದವರು ಎದ್ದು ಕೂತರು. "ಕುಣಿಯೋಕೆ ಹೋಗೋದು ಯಾವತ್ತಿಂದ ತಪ್ಪಾಯ್ತು? ಲೋಟಕ್ಕೆ ಹಾಕಿದವನದು ತಪ್ಪು. ಇನ್ನು ಯಾರದ್ದಾದ್ರೂ ಇದ್ರೆ ಅದು ನಂದು. ಅವನ ನಗು ನೋಡಿ ಲೋಟ ಬಿಟ್ಟು ಹೋದೆ ನಾನು. ಯಾರ ಲೋಟನೂ ಬಿಡದವಳು, ನಿನ್ನದನ್ನ ಬಿಟ್ಟೆ."

ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟಳು. ನಾನು ಅವಳ ಕಣ್ಣಲ್ಲಿ ನೀರು ನೋಡಿದ್ದು ಅದೇ ಮೊದಲು, ನನಗೂ ತಡೆಯಲಾಗಲಿಲ್ಲ.

ಹುಡುಗಿ ಕೈ ಚಾಚಿ ಅಕ್ಕನ ತೋಳು ಹಿಡಿದಳು. "ಬಾಗಿಲಲ್ಲಿ ನಿಂತಿದ್ದು ನೀವೇ ಅಲ್ವಾ? ನಂಗೆ ನೆನಪಿರೋದು ಅದೊಂದೇ. ಬೇಡ ಅನ್ನೋಕೂ ಬಾಯಿ ಬರ್ತಿರಲಿಲ್ಲ. ಯಾರೋ ನಿಂತಿದ್ದು ಕಾಣಿಸ್ತು. ಇನ್ನು ನಾನು ಹೋಗಬೇಕಾಗಿಲ್ಲ ಅಂದ್ಕೊಂಡೆ."